ಎಳೆಯಲು ಸಾಕು, ಹೊರಲು ಸಾಲದು: ಪಿಕಪ್ ಮತ್ತು ಫಿಫ್ತ್ ವೀಲ್ ಟ್ರೇಲರ್ ತೂಗಿದ ಲೆಕ್ಕ

ಅಮೆರಿಕದಲ್ಲಿ ಫಿಫ್ತ್ ವೀಲ್ ಟ್ರೇಲರ್, ಅಂದರೆ ಪಿಕಪ್ ಟ್ರಕ್‌ಗೆ ಕಟ್ಟಿ ಎಳೆಯುವ ಗಾಲಿಮನೆ, ಕೊಳ್ಳಲು ಹೊರಟವರು ಡೀಲರ್ ಹತ್ತಿರ ಮೊದಲು ಕೇಳುವುದು ‘ನನ್ನ ಟ್ರಕ್ ಇದನ್ನು ಎಳೆಯುತ್ತದಾ?’ ಅಂತ. ಇವತ್ತಿನ ಡೀಸೆಲ್ ಪಿಕಪ್‌ಗಳಿಗೆ ಎಳೆಯುವುದು ದೊಡ್ಡ ಮಾತಲ್ಲ. ತೊಡಕಿರುವುದು ಹೊರುವುದರಲ್ಲಿ. ಬಂಪರ್ ಮಟ್ಟದಲ್ಲಿ ಕಟ್ಟುವ ಟ್ರೇಲರ್ ತನ್ನ ತೂಕದಲ್ಲಿ ನೂರಕ್ಕೆ 10ರಿಂದ 15 ಪಾಲನ್ನು ಮುಂದಿನ ಗಾಡಿಯ ಮೇಲೆ ಹಾಕುತ್ತದೆ. ಫಿಫ್ತ್ ವೀಲ್‌ನ ಮೂತಿಯಾದರೋ ಪಿಕಪ್‌ನ ಬೆಡ್ (ಹಿಂದಿನ ತೆರೆದ ತೊಟ್ಟಿ) ಒಳಗೆ, ಹಿಂದಿನ ಆಕ್ಸಲ್‌ನ ನೆತ್ತಿಯ ಮೇಲೆ ಬಂದು ಕೂರುತ್ತದೆ. ನೂರಕ್ಕೆ 15ರಿಂದ 25 ಪಾಲು, ಹೆಚ್ಚಿನ ಟ್ರೇಲರ್‌ಗಳಲ್ಲಿ 20ರ ಆಸುಪಾಸು, ನೇರವಾಗಿ ಟ್ರಕ್‌ನ ಬೆನ್ನಿಗೆ ಇಳಿಯುತ್ತದೆ. ಆ ಮೂತಿಯ ಕೆಳಗಿರುವ ಉಕ್ಕಿನ ಗೂಟವೇ ಪಿನ್, ಅದರ ಮೂಲಕ ಇಳಿಯುವ ಈ ಭಾರವೇ ಪಿನ್ ತೂಕ. ಬ್ರೋಷರ್‌ನಲ್ಲಿ ಅಚ್ಚಾಗಿರುವ ಪಿನ್ ತೂಕ ಖಾಲಿ ಟ್ರೇಲರ್‌ನದು. ನೀರು, ಗ್ಯಾಸ್, ಬ್ಯಾಟರಿ, ಪಾತ್ರೆಪಗಡಿ ಎಲ್ಲ ತುಂಬಿದ ಮೇಲೆ ಅದು ಎಷ್ಟಕ್ಕೆ ಏರಿತು ಅನ್ನುವುದು ವೇಬ್ರಿಡ್ಜ್ ಹತ್ತಿಸಿದಾಗಲೇ ಗೊತ್ತಾಗುವುದು.

ಇಲ್ಲಿ ಲೆಕ್ಕಕ್ಕೆ ಹಿಡಿದಿರುವುದು ರಸ್ತೆಯಲ್ಲಿ ತೀರಾ ಸಾಮಾನ್ಯವಾಗಿ ಕಾಣುವ ಜೋಡಿ: ಮುಕ್ಕಾಲು ಟನ್ ವರ್ಗದ (ಇದು ವರ್ಗದ ಹೆಸರಷ್ಟೆ, ಹೊರುವ ತೂಕವಲ್ಲ), ನಾಲ್ಕು ಬಾಗಿಲಿನ, ಶಾರ್ಟ್ ಬೆಡ್ ಡೀಸೆಲ್ ಪಿಕಪ್, ಹಿಂದೆ ಎರಡು ಆಕ್ಸಲ್‌ನ ಫಿಫ್ತ್ ವೀಲ್. ಅಂಕಿಗಳು ಮಾದರಿಗಾಗಿ ಕೊಟ್ಟವು, ಆದರೆ ಈ ವರ್ಗದ ಗಾಡಿಗಳಿಗೆ ಒಪ್ಪುವಂಥವು. ನಿಮ್ಮ ಗಾಡಿಯ ಅಂಕಿಗಳನ್ನು ಅದೇ ಜಾಗದಲ್ಲಿಟ್ಟುಕೊಂಡು ಓದಿ. ಅಲ್ಲಿನ ಸ್ಟಿಕ್ಕರ್, ಚೀಟಿ ಎಲ್ಲವೂ ಪೌಂಡ್‌ನಲ್ಲೇ ಇರುವುದರಿಂದ ಇಲ್ಲೂ ಪೌಂಡ್ ಇಟ್ಟುಕೊಂಡಿದ್ದೇವೆ. ಕಿಲೋ ಬೇಕಾದವರು 0.4536ರಿಂದ ಗುಣಿಸಿಕೊಳ್ಳಿ, 10,000 ಪೌಂಡ್ ಅಂದರೆ 4,536 ಕಿಲೋ.

ಮೊದಲು ಸ್ಟಿಕ್ಕರ್

ವೇಬ್ರಿಡ್ಜ್‌ಗೆ ಹೋಗುವ ಮುಂಚೆ ಮಿತಿಗಳನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಬೇಕು. ಡ್ರೈವರ್ ಬಾಗಿಲು ತೆಗೆದರೆ ಪಕ್ಕದ ಕಂಬದ ಮೇಲೆ ಎರಡು ಸ್ಟಿಕ್ಕರ್ ಸಿಗುತ್ತವೆ. ಒಂದರಲ್ಲಿ ಜಿವಿಡಬ್ಲ್ಯುಆರ್, ಅಂದರೆ ಟ್ರಕ್ ತನ್ನ ಮೇಲಿನ ಎಲ್ಲವನ್ನೂ ಸೇರಿಸಿ ತೂಗಬಹುದಾದ ಗರಿಷ್ಠ ತೂಕ, ಮತ್ತು ಮುಂದಿನ, ಹಿಂದಿನ ಆಕ್ಸಲ್‌ಗಳ ಮಿತಿ ಇರುತ್ತದೆ. ನಮ್ಮ ಮಾದರಿಯಲ್ಲಿ ಜಿವಿಡಬ್ಲ್ಯುಆರ್ 10,000; ಮುಂದಿನ ಆಕ್ಸಲ್ 5,600; ಹಿಂದಿನದು 6,300. ಇನ್ನೊಂದು ಹಳದಿ ಪಟ್ಟಿಯ ಟೈರ್ ಸ್ಟಿಕ್ಕರ್. ಅದರಲ್ಲಿ ಜನ ಮತ್ತು ಸಾಮಾನಿನ ಒಟ್ಟು ತೂಕ ಇಷ್ಟನ್ನು ಮೀರಬಾರದು ಎಂಬ ಒಂದು ಸಾಲಿರುತ್ತದೆ. ಅದೇ ಪೇಲೋಡ್, ಇಲ್ಲಿ 2,250. ಫಿಫ್ತ್ ವೀಲ್ ಕಟ್ಟುವವರಿಗೆ ಇಡೀ ಗಾಡಿಯಲ್ಲಿ ಇದಕ್ಕಿಂತ ಮುಖ್ಯವಾದ ಸಂಖ್ಯೆ ಇನ್ನೊಂದಿಲ್ಲ. ಒಂದೇ ಮಾಡೆಲ್‌ನ ಎರಡು ಟ್ರಕ್‌ಗಳಲ್ಲೂ ಇದು ಬೇರೆ ಬೇರೆ ಇರುತ್ತದೆ. ಸನ್‌ರೂಫ್, ದೊಡ್ಡ ಸೀಟು, ಫೋರ್ ವೀಲ್ ಡ್ರೈವ್ ಎಲ್ಲವೂ ಪೇಲೋಡ್ ತಿನ್ನುತ್ತವೆ. ಹಾಗಾಗಿ ಇಂಟರ್‌ನೆಟ್‌ನಲ್ಲಿ ಸಿಕ್ಕ ಅಂಕಿ ಬೇಡ, ಬಾಗಿಲಿನಲ್ಲಿ ಇರುವುದನ್ನೇ ಬರೆದುಕೊಳ್ಳಿ.

ಟ್ರಕ್ ಮತ್ತು ಟ್ರೇಲರ್ ಸೇರಿದ ಒಟ್ಟು ಮಿತಿ, ಅಂದರೆ ಜಿಸಿಡಬ್ಲ್ಯುಆರ್, ಸಾಮಾನ್ಯವಾಗಿ ಬಾಗಿಲಿನಲ್ಲಿ ಇರುವುದಿಲ್ಲ, ಕಂಪನಿಯ ಟೋಯಿಂಗ್ ಕೈಪಿಡಿಯಲ್ಲಿ ಹುಡುಕಬೇಕು. ಇಲ್ಲಿ 25,700 ಅಂತ ಇಟ್ಟುಕೊಳ್ಳೋಣ. ಅದೇ ಕೈಪಿಡಿ ಈ ಟ್ರಕ್ 16,000 ಪೌಂಡ್‌ನ ಫಿಫ್ತ್ ವೀಲ್ ಎಳೆಯುತ್ತದೆ ಎಂದೂ ಹೇಳುತ್ತದೆ. ಈ ಸಂಖ್ಯೆಯನ್ನು ಎಚ್ಚರದಿಂದ ಓದಬೇಕು. ಟೋ ರೇಟಿಂಗ್‌ಗೆ, ಅಂದರೆ ಎಷ್ಟು ಎಳೆಯಬಹುದು ಎಂಬ ಅಂಕಿಗೆ, ಅಲ್ಲಿನ ಕಂಪನಿಗಳು ಅನುಸರಿಸುವ ಎಸ್‌ಎಇ ಜೆ2807 ಮಾನದಂಡ ತಲಾ 150 ಪೌಂಡ್‌ನ ಇಬ್ಬರನ್ನು ಮಾತ್ರ ಟ್ರಕ್‌ನಲ್ಲಿ ಕೂರಿಸಿ ಲೆಕ್ಕ ಹಾಕುತ್ತದೆ. ಅರಿಝೋನಾದ ಡೇವಿಸ್ ಡ್ಯಾಮ್ ಏರಿನಲ್ಲಿ ಎಂಜಿನ್ ಹೇಗೆ ಎಳೆಯಿತು ಎಂಬುದಕ್ಕೆ ಅದು ಒಳ್ಳೆಯ ಪರೀಕ್ಷೆ. ಆದರೆ ಇಬ್ಬರು ಮಕ್ಕಳು, ಟೂಲ್ ಬಾಕ್ಸ್, ಬೆಡ್‌ನಲ್ಲಿ ಜನರೇಟರ್ ಇಟ್ಟುಕೊಂಡು ಹೊರಟ ಸಂಸಾರದ ಲೆಕ್ಕ ಅದರಲ್ಲಿ ಬರುವುದಿಲ್ಲ.

ಟ್ರೇಲರ್‌ನ ಸ್ಟಿಕ್ಕರ್ ಎಡಬದಿಯಲ್ಲಿ, ಮುಂಭಾಗದ ಹೊರಗೋಡೆಯ ಮೇಲೆ ಇರುತ್ತದೆ. ನಮ್ಮದರಲ್ಲಿ ಜಿವಿಡಬ್ಲ್ಯುಆರ್ 12,500. ಆಕ್ಸಲ್‌ಗಳು ತಲಾ 5,200, ಅಂದರೆ ಎರಡೂ ಸೇರಿ 10,400. ಟೈರ್ ಎಸ್‌ಟಿ225/75ಆರ್15, ಲೋಡ್ ರೇಂಜ್ ಇ, 80 ಪಿಎಸ್‌ಐ ಗಾಳಿಯಲ್ಲಿ ಒಂದೊಂದಕ್ಕೆ 2,830 ಪೌಂಡ್. ಆಕ್ಸಲ್‌ಗಳ ಮಿತಿ ಟ್ರೇಲರ್‌ನ ಒಟ್ಟು ಮಿತಿಗಿಂತ ಕಡಿಮೆ ಇರುವುದು ನೋಡಿ ಗಾಬರಿಯಾಗಬೇಕಿಲ್ಲ. ಮಿಕ್ಕದ್ದನ್ನು ಪಿನ್ ಮೂಲಕ ಟ್ರಕ್ ಹೊರುತ್ತದೆ ಎಂಬ ಲೆಕ್ಕದಲ್ಲೇ ಅದನ್ನು ಕಟ್ಟಿರುತ್ತಾರೆ. ಬಾಗಿಲ ಹತ್ತಿರ ಸಾಮಾನಿನ ಮಿತಿಯ ಇನ್ನೊಂದು ಸ್ಟಿಕ್ಕರ್ ಇರುತ್ತದೆ. ಟ್ಯಾಂಕ್ ತುಂಬ ನೀರು ಎಷ್ಟು ತೂಗುತ್ತದೆ ಎಂಬುದೂ ಅದರಲ್ಲೇ ಇರುತ್ತದೆ.

ತುಂಬುವುದು

ಖಾಲಿ ಗಾಡಿ ತೂಗಿ ಉಪಯೋಗವಿಲ್ಲ. ರಜೆಗೆ ಹೊರಡುವಾಗ ಹೇಗೆ ಹೊರಡುತ್ತೀರೋ ಹಾಗೆಯೇ ತುಂಬಿ. ಡೀಸೆಲ್ ಪೂರ್ತಿ, ಗ್ಯಾಸ್ ಸಿಲಿಂಡರ್ ಪೂರ್ತಿ, ಫ್ರಿಜ್‌ನಲ್ಲಿ ಸಾಮಾನು, ಸೀಟಿನಲ್ಲಿ ಯಾರು ಯಾರು ಕೂರುತ್ತಾರೋ ಅವರೆಲ್ಲ. ಬೆಡ್‌ನಲ್ಲಿ ಹಿಚ್, ಅಂದರೆ ಟ್ರೇಲರ್‌ನ ಪಿನ್ ಹಿಡಿದುಕೊಳ್ಳುವ ಕೊಂಡಿ, ಕೂರಿಸಿರಬೇಕು. ಅದೊಂದೇ 150ರಿಂದ 250 ಪೌಂಡ್ ಇರುತ್ತದೆ, ಪೇಲೋಡ್‌ನಲ್ಲೇ ಎಣಿಕೆ.

ತೂಕಗಳ ಅಂದಾಜು ಕೈಯಲ್ಲಿರಲಿ: ಅಮೆರಿಕನ್ ಗ್ಯಾಲನ್ ನೀರು 8.34 ಪೌಂಡ್, ಡೀಸೆಲ್ ಸುಮಾರು 7. 30 ಪೌಂಡ್‌ನ ಪ್ರೊಪೇನ್ ಸಿಲಿಂಡರ್ ಅಂದರೆ ಒಳಗಿನ ಗ್ಯಾಸ್ ಅಷ್ಟು. ಉಕ್ಕಿನ ತೂಕವೂ ಸೇರಿ ಒಂದೊಂದು 55ರ ಹತ್ತಿರ. ನಮ್ಮ ಮನೆಗಳ ಸಾಮಾನಿನಲ್ಲಿ ತೂಕ ಎಲ್ಲಿ ಸೇರುತ್ತದೆ ಅನ್ನುವುದನ್ನೂ ಹೇಳಬೇಕು. 20 ಪೌಂಡ್‌ನ ಸೋನಾ ಮಸೂರಿ ಚೀಲ ಎರಡು, ಕಲ್ಲಿನ ವೆಟ್ ಗ್ರೈಂಡರ್, ಎರಡು ಕುಕ್ಕರ್, ದಪ್ಪ ತಳದ ಬಾಣಲೆ, ಎರಕದ ದೋಸೆ ಕಾವಲಿ, ಬಾಟಲಿ ನೀರಿನ ಕಟ್ಟುಗಳು: ಇಷ್ಟಕ್ಕೇ ನೂರು ಪೌಂಡ್ ದಾಟುತ್ತದೆ. ಇವನ್ನೆಲ್ಲ ಜನ ಇಡುವುದು ಮುಂದಿನ ಹೊಟ್ಟೆಯಲ್ಲಿ, ಅಂದರೆ ಮಲಗುವ ಕೋಣೆಯ ಕೆಳಗಿನ ದೊಡ್ಡ ಸಾಮಾನು ಗೂಡಿನಲ್ಲಿ. ಅದು ಪಿನ್‌ಗೆ ತೀರ ಹತ್ತಿರದ ಜಾಗ. ಯಾಕೆ ಇದು ಮುಖ್ಯ ಅನ್ನುವುದು ಮುಂದೆ ಬರುತ್ತದೆ.

ಟೈರ್‌ಗಳ ಗಾಳಿಯನ್ನು ಬೆಳಿಗ್ಗೆ, ಗಾಡಿ ತಣ್ಣಗಿರುವಾಗಲೇ ನೋಡಿ. ಟೈರ್‌ನ ಪಕ್ಕದಲ್ಲಿ ಡಿಒಟಿ ಅಕ್ಷರಗಳ ಕೊನೆಗೆ ನಾಲ್ಕು ಅಂಕಿ ಇರುತ್ತವೆ. 2319 ಎಂದಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಅದನ್ನೂ ಹಾಳೆಯಲ್ಲಿ ಬರೆದಿಡಿ.

ವೇಬ್ರಿಡ್ಜ್ ಮೇಲೆ

ಹೆದ್ದಾರಿ ಬದಿಯ ಟ್ರಕ್ ಸ್ಟಾಪ್‌ಗಳಲ್ಲಿ ಕಾಣುವ ಕ್ಯಾಟ್ ಸ್ಕೇಲ್ ಈ ಕೆಲಸಕ್ಕೆ ಸರಿ. 1977ರಿಂದ ನಡೆದುಬಂದಿರುವ ಈ ಜಾಲಕ್ಕೆ ಅಮೆರಿಕ, ಕೆನಡಾ ಸೇರಿ 2,000ಕ್ಕೂ ಹೆಚ್ಚು ವೇಬ್ರಿಡ್ಜ್‌ಗಳಿವೆ. ನಮ್ಮ ಕಡೆಯ ವೇಬ್ರಿಡ್ಜ್‌ನಲ್ಲಿ ಇಡೀ ಲಾರಿಗೆ ಒಂದೇ ತೂಕ ಬರುತ್ತದೆ. ಇಲ್ಲಿ ಬೇರೆ ಬೇರೆ ಪ್ಲಾಟ್‌ಫಾರ್ಮ್‌ಗಳು ಸಾಲಾಗಿದ್ದು ಮುಂದಿನ ಆಕ್ಸಲ್, ಹಿಂದಿನ ಆಕ್ಸಲ್, ಟ್ರೇಲರ್ ಆಕ್ಸಲ್‌ಗಳ ತೂಕ ಪ್ರತ್ಯೇಕವಾಗಿ ಬರುತ್ತದೆ. ಅದರಿಂದಲೇ ಪಿನ್ ತೂಕ ಕಂಡುಹಿಡಿಯಲು ಸಾಧ್ಯ. ಅಂಕಿ 20 ಪೌಂಡ್‌ಗಳ ಹೆಜ್ಜೆಯಲ್ಲಿ ಬರುತ್ತದೆ. ಮೊದಲ ತೂಕಕ್ಕೆ ಪೂರ್ತಿ ದರ. ಅದೇ ಜಾಗದಲ್ಲಿ 24 ಗಂಟೆಯೊಳಗೆ ಮತ್ತೆ ತೂಗಿದರೆ ಕೆಲವೇ ಡಾಲರ್. ಫೋನ್‌ನಲ್ಲಿ ಅವರದೇ ಆ್ಯಪ್ ಹಾಕಿಕೊಂಡು ಕಾರ್ಡ್ ವಿವರ ಮೊದಲೇ ತುಂಬಿಟ್ಟರೆ ಇಂಟರ್‌ಕಾಮ್ ಗುಂಡಿ ಒತ್ತುವ ಕೆಲಸವೇ ಇರುವುದಿಲ್ಲ. ಆ ಗುಂಡಿ ದೊಡ್ಡ ಲಾರಿಯ ಡ್ರೈವರ್ ಕೈಗೆ ಎಟುಕುವ ಎತ್ತರದಲ್ಲಿರುತ್ತದೆ. ಪಿಕಪ್‌ನಿಂದ ಒತ್ತಬೇಕಾದರೆ ಹಲವು ಕಡೆ ಇಳಿದೇ ಒತ್ತಬೇಕು.

ನಡೆದಾಡುವ ವೇಗದಲ್ಲಿ, ನೇರವಾಗಿ ಹತ್ತಿಸಿ. ಮುಂದಿನ ಚಕ್ರ ಮೊದಲ ಪ್ಲಾಟ್‌ಫಾರ್ಮ್ ಮೇಲೆ, ಟ್ರಕ್‌ನ ಹಿಂದಿನ ಚಕ್ರ ಎರಡನೆಯದರ ಮೇಲೆ, ಟ್ರೇಲರ್‌ನ ನಾಲ್ಕೂ ಚಕ್ರ ಮೂರನೆಯದರ ಮೇಲೆ ಇರಬೇಕು. ತಪ್ಪಾಗುವುದು ಮೊದಲ ಎರಡರ ನಡುವೆ. ಆ ಪ್ಲಾಟ್‌ಫಾರ್ಮ್‌ಗಳ ಅಳತೆ ದೊಡ್ಡ ಲಾರಿಗಳಿಗೆ ಹೊಂದಿದ್ದು. ಪಿಕಪ್ ತುಸು ಹಿಂದೆ ನಿಂತರೆ ಮುಂದಿನ, ಹಿಂದಿನ ಎರಡೂ ಚಕ್ರ ಎರಡನೇ ಪ್ಲಾಟ್‌ಫಾರ್ಮ್ ಮೇಲೆ ಬರಬಹುದು. ಮುಂದೆ ಹೋದರೆ ಎರಡೂ ಮೊದಲನೆಯದರ ಮೇಲೆ. ಚೀಟಿಯಲ್ಲಿ ಆಗ ಒಂದು ಸಾಲು ಸೊನ್ನೆಯೋ, ಅಸಂಬದ್ಧವೋ ಆಗಿ ಬರುತ್ತದೆ. ಕಿಟಕಿ ಇಳಿಸಿ ಕೆಳಗೆ ನೋಡಿದರೆ ಪ್ಲಾಟ್‌ಫಾರ್ಮ್‌ಗಳ ನಡುವಿನ ಉಕ್ಕಿನ ಸೀಳು ಸ್ಪಷ್ಟ ಕಾಣುತ್ತದೆ. ಸೀಳು ನಿಮ್ಮ ಬಾಗಿಲ ಕೆಳಗೆ, ಎರಡು ಚಕ್ರಗಳ ನಡುವೆ ಬಂದಾಗ ನಿಲ್ಲಿಸಿ. ಬ್ರೇಕ್ ಹಿಡಿದು ನಿಲ್ಲಿಸಿದ ಕ್ಷಣ ಟ್ರೇಲರ್ ಟ್ರಕ್ಕನ್ನು ಒತ್ತಿಕೊಂಡಿರುತ್ತದೆ. ಅರೆಕ್ಷಣ ನ್ಯೂಟ್ರಲ್‌ಗೆ ತಂದು ಗಾಡಿ ಸಡಿಲಗೊಳ್ಳಲು ಬಿಟ್ಟು ಆಮೇಲೆ ಪಾರ್ಕ್‌ಗೆ ಹಾಕಿ, ಆಗ ತೂಗಿಸಿ. ಹಿಂದೆ ಸರಕು ಲಾರಿಗಳು ಕಾಯುತ್ತಿರುತ್ತವೆ. ಅವರಿಗೆ ಇದು ಹೊಟ್ಟೆಪಾಡು. ಚೀಟಿಯನ್ನು ಆಚೆ ಹೋಗಿ ಓದಿ.

ಮೊದಲ ಚೀಟಿ, ಟ್ರೇಲರ್ ಸಮೇತ:

ಮುಂದಿನ ಆಕ್ಸಲ್ 4,760
ಹಿಂದಿನ ಆಕ್ಸಲ್ 5,920
ಟ್ರೇಲರ್ ಆಕ್ಸಲ್‌ಗಳು 9,780
ಒಟ್ಟು 20,460

ಈಗ ಟ್ರೇಲರ್ ಬಿಚ್ಚಬೇಕು. ಲಾರಿಗಳ ದಾರಿಗೆ ಅಡ್ಡವಾಗದ, ಸಮತಟ್ಟಾದ ಜಾಗ ನೋಡಿ, ನಿಲ್ಲಿಸಲು ಅನುಮತಿ ಇದೆಯೇ ಎಂದು ಕೇಳಿಕೊಳ್ಳಿ. ಎಲ್ಲಕ್ಕೂ ಮೊದಲು ಟ್ರೇಲರ್ ಚಕ್ರಗಳಿಗೆ ಎರಡೂ ಕಡೆ, ಹಿಂದೆ ಮುಂದೆ ಅಡೆ ಕೊಡಿ. ಆಮೇಲೆ ಮುಂಗಾಲು ಜ್ಯಾಕ್ ಇಳಿಸಿ ಪಿನ್ ಮೇಲಿನ ಭಾರ ಹಗುರಾಗಿಸಿ, ವೈರ್ ಪ್ಲಗ್, ಬ್ರೇಕ್‌ಅವೇ ಕೇಬಲ್ (ಟ್ರೇಲರ್ ಕಳಚಿಹೋದರೆ ಅದರ ಬ್ರೇಕ್ ಹಿಡಿಸುವ ತಂತಿ) ತೆಗೆದು, ಟೇಲ್‌ಗೇಟ್ (ಬೆಡ್‌ನ ಹಿಂಬಾಗಿಲು) ಇಳಿಸಿ, ಹಿಚ್‌ನ ಹಿಡಿ ಎಳೆದು ಮೆಲ್ಲಗೆ ಮುಂದಕ್ಕೆ ಹೋಗಿ. ಟೇಲ್‌ಗೇಟ್ ಇಳಿಸುವುದು ಮರೆತರೆ ಪಿನ್ ಬಾಕ್ಸ್, ಅಂದರೆ ಪಿನ್ ಹಿಡಿದಿರುವ ಟ್ರೇಲರ್‌ನ ಮೂತಿ, ಅದನ್ನು ಹರಿದು ಹಾಕುತ್ತದೆ. ಜನರನ್ನು ಇಳಿಸಬೇಡಿ, ಸಾಮಾನು ಅಲುಗಿಸಬೇಡಿ, ನಡುವೆ ಡೀಸೆಲ್ ಹಾಕಿಸಬೇಡಿ. ಹಾಗೆಯೇ ಹೋಗಿ ಟ್ರಕ್ ಒಂದನ್ನೇ ತೂಗಿ.

ಎರಡನೇ ಚೀಟಿ, ಟ್ರಕ್ ಮಾತ್ರ:

ಮುಂದಿನ ಆಕ್ಸಲ್ 4,700
ಹಿಂದಿನ ಆಕ್ಸಲ್ 3,620
ಒಟ್ಟು 8,320

ಚೀಟಿ ಓದುವ ಬಗೆ

ಮಂಡ್ಯದ ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬು ತುಂಬಿದ ಟ್ರ್ಯಾಕ್ಟರ್ ಒಮ್ಮೆ ತೂಗಿ, ಇಳಿಸಿದ ಮೇಲೆ ಇನ್ನೊಮ್ಮೆ ತೂಗಿ ಕಳೆಯುವುದನ್ನು ನೋಡಿದವರಿಗೆ ಈ ಲೆಕ್ಕ ಹೊಸದಲ್ಲ. ಟ್ರೇಲರ್ ಕಟ್ಟಿದಾಗ ಟ್ರಕ್‌ನ ಎರಡು ಆಕ್ಸಲ್ ಸೇರಿ 10,680. ಬಿಚ್ಚಿದಾಗ 8,320. ವ್ಯತ್ಯಾಸ 2,360, ಅದೇ ಪಿನ್ ತೂಕ. ಟ್ರೇಲರ್‌ನ ನಿಜ ತೂಕ ಬೇಕಾದರೆ ಅದರ ಆಕ್ಸಲ್ ತೂಕಕ್ಕೆ ಪಿನ್ ತೂಕ ಸೇರಿಸಬೇಕು: 9,780 ಮತ್ತು 2,360, ಒಟ್ಟು 12,140. ಚೀಟಿಯ ಮೂರನೇ ಸಾಲನ್ನೇ ಟ್ರೇಲರ್ ತೂಕ ಎಂದುಕೊಳ್ಳುವುದು ಬಹಳ ಮಂದಿ ಮಾಡುವ ತಪ್ಪು. ಅದರಲ್ಲಿ ಪಿನ್ ಪಾಲು ಸೇರಿಲ್ಲ. ಪಿನ್ ಪಾಲು ನೂರಕ್ಕೆ 19.4, ಸರಿಯಾದ ಮಟ್ಟದಲ್ಲೇ ಇದೆ.

ಮಿತಿಗಳ ಹಾಳೆಯನ್ನು ಪಕ್ಕದಲ್ಲಿಟ್ಟು ನೋಡೋಣ. ಟ್ರೇಲರ್ 12,140, ಮಿತಿ 12,500: 360 ಉಳಿದಿದೆ. ಟ್ರೇಲರ್ ಆಕ್ಸಲ್ 9,780, ಮಿತಿ 10,400: ಪರವಾಗಿಲ್ಲ. ಒಟ್ಟು 20,460, ಮಿತಿ 25,700: ಐದು ಸಾವಿರಕ್ಕೂ ಹೆಚ್ಚು ಉಳಿದಿದೆ. ಟ್ರಕ್‌ನ ಹಿಂದಿನ ಆಕ್ಸಲ್ 5,920, ಮಿತಿ 6,300: ಅದೂ ಒಳಗಿದೆ. ಆದರೆ ಟ್ರಕ್‌ನ ಒಟ್ಟು ತೂಕ 10,680, ಮಿತಿ 10,000. 680 ಪೌಂಡ್ ಹೆಚ್ಚು, ಅಂದರೆ ಮೂರು ಕ್ವಿಂಟಲ್‌ಗೂ ಮೇಲೆ. 16,000 ಎಳೆಯುತ್ತದೆ ಎಂದ ಟ್ರಕ್ 12,140ಕ್ಕೇ ಮಿತಿ ಮೀರಿದೆ. ಇದು ಅಪರೂಪದ ಫಲಿತಾಂಶ ಅಲ್ಲವೇ ಅಲ್ಲ. ಮುಕ್ಕಾಲು ಟನ್ ಡೀಸೆಲ್ ಮತ್ತು ಮಧ್ಯಮ ಗಾತ್ರದ ಫಿಫ್ತ್ ವೀಲ್ ಜೋಡಿಯಲ್ಲಿ ಮೊದಲು ಮುರಿಯುವ ಮಿತಿ ಇದೇ.

ಇಲ್ಲಿ ಒಂದು ವಾದ ಬರುತ್ತದೆ: ಹಿಂದಿನ ಆಕ್ಸಲ್ ಮಿತಿಯೊಳಗಿದೆ, ಮುಂದಿನದೂ ಒಳಗಿದೆ, ಎರಡೂ ಸೇರಿದರೆ 11,900 ಆಗುತ್ತದೆ, ಹಾಗಾಗಿ 10,000 ಬರೀ ಕಾಗದದ ಮಿತಿ ಎಂದು. ಹಲವು ಮುಕ್ಕಾಲು ಟನ್ ಪಿಕಪ್‌ಗಳ ಜಿವಿಡಬ್ಲ್ಯುಆರ್ 10,000ಕ್ಕೆ ಸರಿಯಾಗಿ ನಿಂತಿರುವುದಕ್ಕೆ ಅಮೆರಿಕದಲ್ಲಿ ತೂಕದ ಮೇಲೆ ಗಾಡಿಗಳನ್ನು ವಿಂಗಡಿಸುವ 2ಬಿ ವರ್ಗದ ಗಡಿ ಅಲ್ಲೇ ಮುಗಿಯುವುದೂ ಕಾರಣ ಎಂಬುದರಲ್ಲಿ ಹುರುಳಿದೆ. ಆದರೂ ಈ ವಾದವನ್ನು ನಾವು ಒಪ್ಪುವುದಿಲ್ಲ. ಆಕ್ಸಲ್ ಮಿತಿ ಆ ಆಕ್ಸಲ್, ಸ್ಪ್ರಿಂಗ್, ರಿಮ್, ಟೈರ್‌ಗಳಿಗೆ ಮಾತ್ರ ಸೇರಿದ್ದು. ಇಡೀ ಗಾಡಿ ಇಳಿಜಾರಿನಲ್ಲಿ ಬ್ರೇಕ್ ಹಿಡಿದು ನಿಲ್ಲಬೇಕು, ಚಾಸಿ ತಿರುಚದೆ ಇರಬೇಕು. ಆ ಹೊಣೆಯನ್ನು ತಯಾರಕರು 10,000ದವರೆಗೆ ಮಾತ್ರ ಬರೆದುಕೊಟ್ಟಿದ್ದಾರೆ. ಸ್ಪ್ರಿಂಗ್ ಜತೆ ಕೂರಿಸುವ ಗಾಳಿಚೀಲ (ಏರ್‌ಬ್ಯಾಗ್), ಹೆಚ್ಚುವರಿ ಸ್ಪ್ರಿಂಗ್ ಹಾಕಿಸಿದರೆ ಟ್ರಕ್‌ನ ಹಿಂಭಾಗ ಎದ್ದು ನಿಲ್ಲುತ್ತದೆ, ನೋಡಲು ಸರಿಹೋದಂತೆ ಕಾಣುತ್ತದೆ. ಮಿತಿ ಒಂದು ಪೌಂಡ್ ಕೂಡ ಏರುವುದಿಲ್ಲ. ಕುಸಿತ ಕಣ್ಣಿಗೆ ಬೀಳದಂತಾಗುವುದರಿಂದ ಅಪಾಯ ಇನ್ನಷ್ಟು ಹೆಚ್ಚು.

ಚೀಟಿಯಿಂದ ಹಿಚ್ ಕೂತಿರುವ ಜಾಗವನ್ನೂ ಓದಬಹುದು. ಟ್ರೇಲರ್ ಕಟ್ಟಿದಾಗ ಮುಂದಿನ ಆಕ್ಸಲ್ 60 ಪೌಂಡ್ ಏರಿದೆ. 60ನ್ನು 2,360ರಿಂದ ಭಾಗಿಸಿ ವೀಲ್‌ಬೇಸ್ 160 ಇಂಚಿನಿಂದ ಗುಣಿಸಿದರೆ 4 ಇಂಚು ಬರುತ್ತದೆ. ಅಂದರೆ ಹಿಚ್ ಹಿಂದಿನ ಆಕ್ಸಲ್‌ಗಿಂತ ಸುಮಾರು 4 ಇಂಚು ಮುಂದಿದೆ. 20 ಪೌಂಡ್ ಹೆಜ್ಜೆಯ ತಕ್ಕಡಿಯಾದ್ದರಿಂದ ಒಂದೂವರೆ ಇಂಚು ಆಚೀಚೆ ಇರಬಹುದು. ಮುಖ್ಯವಾದದ್ದು ದಿಕ್ಕು: ಮುಂದಿನ ಆಕ್ಸಲ್ ಇದ್ದಷ್ಟೇ ಇರಬೇಕು ಅಥವಾ ತುಸು ಏರಬೇಕು. ಇಳಿದಿದ್ದರೆ ಹಿಚ್ ಆಕ್ಸಲ್‌ನ ಹಿಂದೆ ಕೂತಿದೆ, ಸ್ಟೀರಿಂಗ್ ಹಗುರಾಗುತ್ತದೆ. ಶಾರ್ಟ್ ಬೆಡ್‌ನಲ್ಲಿ ಸ್ಲೈಡರ್ ಹಿಚ್ ಹಾಕಿದವರು ಇಕ್ಕಟ್ಟಿನ ತಿರುವಿಗಾಗಿ ಹಿಂದಕ್ಕೆ ಸರಿಸಿ, ವಾಪಸ್ ಮುಂದಕ್ಕೆ ಲಾಕ್ ಮಾಡದೆ ಹೆದ್ದಾರಿಗೆ ಬಂದರೆ ಹೀಗಾಗುತ್ತದೆ.

ತೂಕ ಇಳಿಸುವ ಕೆಲಸ

ಟ್ರೇಲರ್‌ನೊಳಗಿನ ಯಾವುದೇ ವಸ್ತು ಪಿನ್ ಮೇಲೆ ಎಷ್ಟು ಭಾರ ಹಾಕುತ್ತದೆ ಎಂಬುದಕ್ಕೆ ಸುಲಭ ಲೆಕ್ಕವಿದೆ. ಆಕ್ಸಲ್‌ಗಳ ನಡುಮಧ್ಯದಿಂದ ಆ ವಸ್ತು ಎಷ್ಟು ಅಡಿ ಮುಂದಿದೆ ಎಂದು ಅಳೆಯಿರಿ. ಅದನ್ನು ವಸ್ತುವಿನ ತೂಕದಿಂದ ಗುಣಿಸಿ, ಪಿನ್‌ನಿಂದ ಆಕ್ಸಲ್‌ಗಳ ನಡುಮಧ್ಯದವರೆಗಿನ ದೂರದಿಂದ ಭಾಗಿಸಿ. ನಮ್ಮ ಟ್ರೇಲರ್‌ನಲ್ಲಿ ಆ ದೂರ 24 ಅಡಿ. ಮುಂದಿನ ಗೂಡು ಆಕ್ಸಲ್‌ಗಿಂತ 20 ಅಡಿ ಮುಂದೆ. ಅಲ್ಲಿಟ್ಟ 240 ಪೌಂಡ್‌ನಲ್ಲಿ 200 ಪೌಂಡ್ ಟ್ರಕ್ ಮೇಲೆ ಬೀಳುತ್ತದೆ. ಅದೇ ಸಾಮಾನು ಆಕ್ಸಲ್ ಮೇಲಿನ ಅಡುಗೆಮನೆ ಕಪಾಟಿನಲ್ಲಿದ್ದರೆ ಪಿನ್‌ಗೆ ಸೊನ್ನೆ. ನೀರಿನ ಟ್ಯಾಂಕ್ 50 ಗ್ಯಾಲನ್, ತುಂಬಿದರೆ 417 ಪೌಂಡ್. ಆದರೆ ಅದರ ನಡು ಆಕ್ಸಲ್‌ಗಿಂತ 3 ಅಡಿ ಮಾತ್ರ ಮುಂದಿರುವುದರಿಂದ ಪಿನ್ ಮೇಲೆ 52 ಪೌಂಡ್ ಅಷ್ಟೆ. ನೀರು ಚೆಲ್ಲಿದರೆ ಟ್ರೇಲರ್ ಹಗುರಾಗುತ್ತದೆ, ಟ್ರಕ್‌ಗೆ ದೊಡ್ಡ ಲಾಭವಿಲ್ಲ. ಟ್ಯಾಂಕ್ ಆಕ್ಸಲ್‌ನ ಹಿಂದಿರುವ ಮಾಡೆಲ್‌ಗಳಲ್ಲಿ ನೀರು ಚೆಲ್ಲಿದರೆ ಪಿನ್ ತೂಕ ಉಲ್ಟಾ ಏರುತ್ತದೆ! ಹಾಗಾಗಿ ಟ್ಯಾಂಕ್ ಎಲ್ಲಿದೆ ಎಂದು ಬಗ್ಗಿ ನೋಡದೆ ವಾಲ್ವ್ ತೆಗೆಯಬೇಡಿ.

ಮಾಡಿದ ಬದಲಾವಣೆ ಇಷ್ಟು: ಮುಂದಿನ ಗೂಡಿನಿಂದ 240 ಪೌಂಡ್ ಖಾಲಿ. ಅದರಲ್ಲಿ 100 ಪೌಂಡ್ ಮನೆಗೆ, ಗ್ರೈಂಡರ್, ಅಕ್ಕಿ, ಡಬ್ಬಿಗಳು ಸೇರಿ 140 ಪೌಂಡ್ ಆಕ್ಸಲ್ ಮೇಲಿನ ಕಪಾಟುಗಳ ಕೆಳಖಾನೆಗೆ. ನೀರು ಟ್ಯಾಂಕಿನ ಮೂರನೇ ಒಂದು ಭಾಗಕ್ಕೆ, ಅಂದರೆ ಸುಮಾರು 280 ಪೌಂಡ್ ಕಡಿಮೆ. ಪಿನ್ ಮೇಲೆ ಇದರ ಪರಿಣಾಮ 35 ಪೌಂಡ್. ಲೆಕ್ಕದಂತೆ ಪಿನ್ ತೂಕ 235 ಇಳಿಯಬೇಕು.

ಮರುತೂಕದ ಚೀಟಿ:

ಮುಂದಿನ ಆಕ್ಸಲ್ 4,760
ಹಿಂದಿನ ಆಕ್ಸಲ್ 5,680
ಟ್ರೇಲರ್ ಆಕ್ಸಲ್‌ಗಳು 9,640
ಒಟ್ಟು 20,080

ಟ್ರಕ್ 10,440. ಪಿನ್ 2,120, ಟ್ರೇಲರ್ 11,760, ಪಿನ್ ಪಾಲು ನೂರಕ್ಕೆ 18. ಇಷ್ಟೆಲ್ಲ ಆದರೂ ಟ್ರಕ್ 440 ಪೌಂಡ್ ಹೆಚ್ಚೇ. ಸಾಮಾನು ಜೋಡಿಸಿ ಸರಿಪಡಿಸುವ ಮಟ್ಟದ ಹೆಚ್ಚುವರಿ ಇದಲ್ಲ.

ಇಲ್ಲಿ ಕೆಲವರು ಹಿಂದಿನ ಬಂಪರ್‌ಗೆ ಸೈಕಲ್ ರ‍್ಯಾಕ್, ಪೆಟ್ಟಿಗೆ ಕಟ್ಟಿ ಪಿನ್ ತೂಕ ಇಳಿಸಲು ನೋಡುತ್ತಾರೆ. ಆಕ್ಸಲ್‌ಗಿಂತ 10 ಅಡಿ ಹಿಂದೆ 100 ಪೌಂಡ್ ತೂಗುಹಾಕಿದರೆ ಪಿನ್ 42 ಪೌಂಡ್ ಇಳಿಯುವುದು ನಿಜ. ಆದರೆ ಟ್ರೇಲರ್‌ನ ಹಿಂದಿನ ಬಂಪರ್ ಅಂಥ ಭಾರಕ್ಕೆ ಕಟ್ಟಿದ್ದಲ್ಲ, ಬೆಸುಗೆ ಬಿಡುತ್ತದೆ. ಬಾಲ ಭಾರವಾದ ಟ್ರೇಲರ್ ಅಡ್ಡಗಾಳಿಗೆ ಓಲಾಡತೊಡಗುತ್ತದೆ; ಪಿನ್ ಪಾಲು 15ರ ಕೆಳಗೆ ಹೋದರಂತೂ ಇನ್ನೂ ಕೆಟ್ಟದು. ಈ ದಾರಿ ಹಿಡಿಯಬೇಡಿ.

ಚಕ್ರ ಚಕ್ರವಾಗಿ

ಟ್ರಕ್ ಸ್ಟಾಪ್ ವೇಬ್ರಿಡ್ಜ್ ಎಡಬಲ ಹೇಳುವುದಿಲ್ಲ. ಅದಕ್ಕೆ ಪ್ರತಿ ಚಕ್ರದ ಕೆಳಗೆ ಪ್ಯಾಡ್ ಇಟ್ಟು ತೂಗುವವರ ಹತ್ತಿರ ಹೋಗಬೇಕು. ಎಸ್ಕೇಪೀಸ್ ಆರ್‌ವಿ (ಗಾಲಿಮನೆ) ಕ್ಲಬ್‌ನ ಸ್ಮಾರ್ಟ್‌ವೇ ಸೇವೆ ಟೆಕ್ಸಸ್‌ನ ಲಿವಿಂಗ್‌ಸ್ಟನ್, ಫ್ಲಾರಿಡಾದ ಬುಶ್‌ನೆಲ್, ಅರಿಝೋನಾದ ಕಾಂಗ್ರೆಸ್ ಊರುಗಳಲ್ಲಿ ಈ ಕೆಲಸ ಮಾಡುತ್ತದೆ. ಆರ್‌ವಿ ಮೇಳಗಳಲ್ಲೂ ಹೀಗೆ ತೂಗುವ ತಂಡಗಳು ಬರುತ್ತವೆ. ಟೈರ್ ಸಿಡಿಯುವುದರ ಬಗ್ಗೆ ನಿಜಕ್ಕೂ ಕಾಳಜಿ ಇರುವವರು ಒಮ್ಮೆಯಾದರೂ ಇದನ್ನು ಮಾಡಿಸಲೇಬೇಕು.

ಯಾಕೆಂದರೆ ಆಕ್ಸಲ್ ಸರಿಯಿದ್ದೂ ಟೈರ್ ಸೋಲಬಹುದು. ಮೊದಲ ಚೀಟಿಯ 9,780ನ್ನು ನಾಲ್ಕರಿಂದ ಭಾಗಿಸಿದರೆ ಟೈರ್‌ಗೆ 2,445, ಮಿತಿ 2,830, ಆರಾಮ ಎನಿಸುತ್ತದೆ. ಆದರೆ ಟ್ರೇಲರ್ ಒಳಗೆ ಭಾರ ಹಾಗೆ ಸಮವಾಗಿ ಕೂತಿರುವುದಿಲ್ಲ. ಅಡುಗೆಮನೆ, ಫ್ರಿಜ್, ಸ್ಲೈಡ್‌ಔಟ್ (ಹೊರಕ್ಕೆ ಸರಿಯುವ ಕೋಣೆಯ ಭಾಗ) ಎಲ್ಲ ಬಲಕ್ಕಿದ್ದರೆ ಅದೇ ತೂಕ ಹೀಗೆ ಹಂಚಿಹೋಗಬಹುದು: ಎಡ ಮುಂದೆ 2,260, ಎಡ ಹಿಂದೆ 2,200, ಬಲ ಮುಂದೆ 2,560, ಬಲ ಹಿಂದೆ 2,760. ಬಲಬದಿ 860 ಪೌಂಡ್ ಜಾಸ್ತಿ. ಹಿಂದಿನ ಆಕ್ಸಲ್ 4,960, ಮಿತಿಯೊಳಗೆ. ಆದರೆ ಬಲ ಹಿಂದಿನ ಟೈರ್ ತನ್ನ ಶಕ್ತಿಯ ನೂರಕ್ಕೆ 97ರಷ್ಟು ಹೊತ್ತುಕೊಂಡು ಓಡುತ್ತಿದೆ. ಗಾಳಿ 80ರಿಂದ 70ಕ್ಕೆ ಇಳಿದರೂ ಅದು ಮಿತಿ ಮೀರಿದ ಹಾಗೆಯೇ. ಕಡಿಮೆ ಗಾಳಿಯ ಟೈರ್‌ನ ಪಕ್ಕೆ ಸುತ್ತು ಸುತ್ತಿಗೂ ಹೆಚ್ಚು ಬಾಗುತ್ತದೆ, ಬಾಗಿದಷ್ಟು ಕಾಯುತ್ತದೆ, ಕಾದ ರಬ್ಬರ್ ಒಳಗಿನ ಪದರಗಳಿಂದ ಬಿಡುತ್ತದೆ. ಮೇ ತಿಂಗಳ ಅರಿಝೋನಾ ರಸ್ತೆಯಲ್ಲಿ ಇದಕ್ಕೆ ಹೆಚ್ಚು ಹೊತ್ತು ಬೇಡ. ಸಿಡಿದ ಟೈರ್‌ನ ಚೂರುಗಳು ಚಕ್ರದ ಮೇಲಿನ ನೆಲ, ಗ್ಯಾಸ್ ಪೈಪು, ವೈರುಗಳನ್ನೂ ಕಿತ್ತುಕೊಂಡು ಹೋಗುತ್ತವೆ. ಒಂದು ಆಕ್ಸಲ್‌ನ ಎರಡೂ ಟೈರ್‌ಗೆ, ಹೆಚ್ಚು ಭಾರ ಹೊರುವ ಟೈರ್‌ನ ಲೆಕ್ಕದಲ್ಲಿ, ಒಂದೇ ಗಾಳಿ ಇರಬೇಕು. ಟ್ರೇಲರ್‌ನ ಎಸ್‌ಟಿ ಟೈರ್‌ಗಳಿಗೆ ಪಕ್ಕದಲ್ಲಿ ಬರೆದ ಪೂರ್ತಿ ಗಾಳಿಯನ್ನೇ ಇಡಿ, ಅವುಗಳ ವೇಗದ ಮಿತಿಯನ್ನೂ ಅಲ್ಲೇ ಓದಿಕೊಳ್ಳಿ.

ಹಿಂದಿನ ಆಕ್ಸಲ್ ಮುಂದಿನದಕ್ಕಿಂತ 140 ಪೌಂಡ್ ಹೆಚ್ಚಿರುವುದು ಟ್ರೇಲರ್ ಮೂಗೆತ್ತಿ ನಿಂತಿರುವ ಸೂಚನೆ. ಲೀಫ್ ಸ್ಪ್ರಿಂಗ್ ಇರುವಲ್ಲಿ ನಡುವಿನ ಈಕ್ವಲೈಸರ್ (ಎರಡು ಆಕ್ಸಲ್‌ಗಳ ಸ್ಪ್ರಿಂಗ್‌ಗಳನ್ನು ಜೋಡಿಸುವ ತೂಗುಪಟ್ಟಿ) ಈ ವ್ಯತ್ಯಾಸವನ್ನು ಬಹಳಷ್ಟು ಸರಿದೂಗಿಸುತ್ತದೆ. ಲೀಫ್ ಸ್ಪ್ರಿಂಗ್ ಬದಲು ಒಳಗಿನ ರಬ್ಬರ್ ಮೇಲೆ ಕೂರುವ ಟಾರ್ಶನ್ ಆಕ್ಸಲ್‌ಗೆ ಆ ಅನುಕೂಲ ಇಲ್ಲ, ಅಲ್ಲಿ ಇದು ಬಹುಬೇಗ ದೊಡ್ಡದಾಗುತ್ತದೆ. ಪಿನ್ ಬಾಕ್ಸ್‌ನ ಬೋಲ್ಟ್ ರಂಧ್ರ ಬದಲಿಸಿ ಅಥವಾ ಹಿಚ್‌ನ ತಲೆಯನ್ನು ಒಂದು ರಂಧ್ರ ಇಳಿಸಿ ಮಟ್ಟಕ್ಕೆ ತರಬಹುದು. ಆದರೆ ಟ್ರಕ್ ಬೆಡ್‌ನ ಅಂಚಿಗೂ ಟ್ರೇಲರ್ ತಳಕ್ಕೂ ನಡುವೆ 6 ಇಂಚಾದರೂ ಉಳಿಯಬೇಕು. ಉಬ್ಬುತಗ್ಗಿನಲ್ಲಿ ಟ್ರಕ್ ಒಂದು ಕಡೆಗೆ ವಾಲಿದಾಗ ಅಷ್ಟು ಬೇಕೇ ಬೇಕು.

ಉಳಿದ ದಾರಿಗಳು

ಟ್ರಕ್ ಅದೇ ಇರಲಿ ಎಂದರೆ ಟ್ರೇಲರ್ ಬದಲಾಗಬೇಕು. ಎರಡನೇ ಚೀಟಿಯ 8,320ನ್ನು 10,000ದಿಂದ ಕಳೆದರೆ 1,680. ಈ ಟ್ರಕ್ ಹೊರಬಲ್ಲ ಪಿನ್ ತೂಕ ಅಷ್ಟೇ. ನೂರಕ್ಕೆ 20 ಪಾಲಿನ ಲೆಕ್ಕದಲ್ಲಿ ತುಂಬಿದ ಟ್ರೇಲರ್ 8,400 ಪೌಂಡ್ ಮೀರಬಾರದು. ಟ್ರೇಲರ್ ಇನ್ನೂ ಕೊಂಡಿಲ್ಲದವರು ಮೊದಲು ಹಿಚ್, ಸಂಸಾರ, ಸಾಮಾನು ಸಮೇತ ಟ್ರಕ್ ಒಂದನ್ನೇ ತೂಗಿಸಿ ಈ ಲೆಕ್ಕ ಮಾಡಿಕೊಂಡರೆ ಡೀಲರ್ ಅಂಗಳದಲ್ಲಿ ಮೋಸ ಹೋಗುವ ಪ್ರಶ್ನೆಯೇ ಬರುವುದಿಲ್ಲ.

ಟ್ರೇಲರ್ ಬಿಡಲು ಮನಸ್ಸಿಲ್ಲದವರಿಗೆ ಒಂದು ಟನ್ ವರ್ಗದ ಟ್ರಕ್. ಅದರ ಬಾಗಿಲಿನ ಪೇಲೋಡ್ 3,900 ಇದ್ದರೆ, ಜನ, ಹಿಚ್, ಸಾಮಾನಿನ 570 ಮತ್ತು ಮೊದಲ ಚೀಟಿಯ ಪಿನ್ ತೂಕ 2,360 ಕಳೆದ ಮೇಲೂ 970 ಉಳಿಯುತ್ತದೆ. ಹಿಂದೆ ನಾಲ್ಕು ಚಕ್ರದ ಡ್ಯುಯಲಿ ಇನ್ನೂ ಹೊರುತ್ತದೆ. ಆದರೆ ಟೆಕ್ಸಸ್‌ನಲ್ಲಿರುವವರು ಒಂದು ವಿಷಯ ನೋಡಿಕೊಳ್ಳಬೇಕು: ಟ್ರೇಲರ್ 10,000 ಮೀರಿ, ಎರಡೂ ಗಾಡಿಗಳ ರೇಟಿಂಗ್ ಸೇರಿ 26,001 ಮುಟ್ಟಿದರೆ ವಾಣಿಜ್ಯೇತರ ಕ್ಲಾಸ್ ಎ ಲೈಸೆನ್ಸ್ ಬೇಕು. 14,000ದ ಡ್ಯುಯಲಿಗೆ ಈ 12,500ರ ಟ್ರೇಲರ್ ಕಟ್ಟಿದರೆ 26,500 ಆಗಿಬಿಡುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಲೆಕ್ಕ ಬೇರೆ. ಅಲ್ಲಿ ಫಿಫ್ತ್ ವೀಲ್‌ನ ಜಿವಿಡಬ್ಲ್ಯುಆರ್ 10,000ದಿಂದ 15,000ದ ನಡುವೆ ಇದ್ದರೆ ಮಾಮೂಲಿ ಕ್ಲಾಸ್ ಸಿ ಲೈಸೆನ್ಸ್ ಮೇಲೆ ಲಿಖಿತ ಪರೀಕ್ಷೆ ಬರೆದು ಹೆಚ್ಚುವರಿ ಅನುಮತಿ ಪಡೆಯಬೇಕು.

ಟ್ರಕ್ ಬದಲಾದರೆ ಬೆಡ್‌ನ ಎತ್ತರವೂ ಬದಲಾಗುತ್ತದೆ. ಹಿಚ್ ಕೂರಿಸಿ, ಟ್ರೇಲರ್ ಕಟ್ಟಿ, ಸಮತಟ್ಟು ನೆಲದಲ್ಲಿ ಟ್ರೇಲರ್ ಚಾಸಿಯ ಮುಂದೆ ಹಿಂದೆ ಟೇಪ್ ಹಿಡಿದು ಅಳೆಯಿರಿ. ಎರಡು ಅಳತೆಗಳು ಒಂದು ಇಂಚಿನೊಳಗೆ ಬರುವವರೆಗೆ ಹಿಚ್ ತಲೆಯನ್ನು ಸರಿಪಡಿಸಿ, ಆಮೇಲೆ ಹಳೆಯ ಸಾಮಾನಿನೊಂದಿಗೇ ವೇಬ್ರಿಡ್ಜ್‌ಗೆ ಹೋಗಿ ಎರಡೂ ಚೀಟಿ ಹೊಸದಾಗಿ ತೆಗೆಸಿ.